ಎರಡನೆಯ ಗೀಟು

ಮಾರ್ಚ್ ಹನ್ನೊಂದು, ಬುಧವಾರ. ಗಾಜಿನಂಗಡಿಯ ಹಿಂಬಾಗಿಲ ಬಳಿಯ ತಗಡಿನ ಡಬ್ಬದಲ್ಲಿ ಆ ತಿಂಗಳು ಒಡೆದ ಗಾಜುಗಳು ಏಳು ಇದ್ದವು. ಒಂದನ್ನು ಬೆಕ್ಕು ಬೀಳಿಸಿತ್ತು. ಉಳಿದ ಆರೂ ಒಂದೇ ಕೈಯಲ್ಲಿ ಒಡೆದವು.

ಆ ಕೈಯವಳನ್ನು ಬೀದಿಯವರು ಗಾಜಿನಕ್ಕ ಎಂದು ಕರೆಯುತ್ತಿದ್ದರು. ಅಂಗಡಿ ಅವಳ ಸೋದರಮಾವನದು. ಮದುವೆಗೆ ಮುಂಚೆಯೇ ಅವಳು ಮಾವನ ಮೇಜಿನ ಬಳಿ ನಿಂತು ಕೆಲಸ ಕಲಿತಿದ್ದಳು. ಮಗಳು ಹುಟ್ಟಿ, ಆ ಮಗಳು ಕಾಲೇಜು ಸೇರಿದರೂ ಮೇಜು ಬಿಟ್ಟಿರಲಿಲ್ಲ. ಗಂಡ ಲಾರಿ ಚಾಲಕ. ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು.

ಗಾಜು ಕತ್ತರಿಸುವುದು ಎಂಬ ಮಾತು ಸರಿಯಲ್ಲ. ಗಾಜನ್ನು ಯಾರೂ ಕತ್ತರಿಸುವುದಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಕಟರಿನ ಸಣ್ಣ ಚಕ್ರದಿಂದ ಅದರ ಮೇಲೆ ಗೀಟು ಎಳೆಯುತ್ತಾರೆ. ಆಮೇಲೆ ಗೀಟಿನಗುಂಟ ಮುರಿಯುತ್ತಾರೆ. ಗೀಟು ಈ ತುದಿಯಿಂದ ಆ ತುದಿಗೆ ಒಂದೇ ಎಳೆತದಲ್ಲಿ ಹೋಗಬೇಕು. ಸರಿಯಾಗಿ ಬಿತ್ತೋ ಇಲ್ಲವೋ ಎಂಬ ಅನುಮಾನದಿಂದ ಅದರ ಮೇಲೆಯೇ ಇನ್ನೊಮ್ಮೆ ಎಳೆದರೆ ಗಾಜು ನುರಿಯುತ್ತದೆ, ಬಿಳಿಯ ಪುಡಿ ಏಳುತ್ತದೆ, ಮುರಿಯುವಾಗ ಅದು ಗೀಟಿನ ಮಾತು ಕೇಳುವುದಿಲ್ಲ. ಮೊದಲ ಗೀಟು ಕೆಟ್ಟದಾಗಿದ್ದರೂ ಎರಡನೆಯದಕ್ಕಿಂತ ಮೇಲು. ಆದ್ದರಿಂದ ಮಾವ ಬಹಳ ಹಿಂದೆಯೇ ಒಂದು ಕಟ್ಟಳೆ ಮಾಡಿದ್ದರು: ಯಾರೇ ಎರಡನೆಯ ಗೀಟು ಎಳೆದರೂ, ಗಾಜು ಒಡೆಯಲಿ ಬಿಡಲಿ, ಅಂದು ಅಂಗಡಿಯಲ್ಲಿರುವವರಿಗೆಲ್ಲ ಅವರೇ ಚಹಾ ಕುಡಿಸಬೇಕು.

ಹಿಂದೆಲ್ಲ ಗಾಜಿನಕ್ಕ ಹಾಗೆ ಚಹಾ ಕುಡಿಸಿದ್ದು ಅಪರೂಪ. ಕಳೆದ ವರ್ಷ ಮಾವನ ಕಣ್ಣಿಗೆ ಮಂಜು ಕವಿಯಿತು. ಅದುವರೆಗೆ ಅವಳು ಗೀಟೆಳೆಯುವಾಗ ಅವರು ಬೆನ್ನ ಹಿಂದೆ ನಿಂತಿರುತ್ತಿದ್ದರು. ತಪ್ಪಿದರೆ ಹಿಡಿಯುವ ಕಣ್ಣೊಂದು ಹಿಂದಿದೆ ಎಂಬ ಭರವಸೆಯಲ್ಲಿ ಕೈ ನಡೆಯುತ್ತಿತ್ತು. ಈಗ ಮಾವ ಬಾಗಿಲ ಬಳಿಯ ಕುರ್ಚಿಗೆ ಹೋದರು. ಅವರು ಬಿಟ್ಟ ಜಾಗಕ್ಕೆ ಭಯ ಬಂದು ನಿಂತಿತು.

ಭಯಕ್ಕೆ ಕೂಡುವುದು ಬರುತ್ತದೆ, ಕಳೆಯುವುದು ಬರುವುದಿಲ್ಲ. ಮೇಜಿನ ಮೇಲೆ ಹುಟ್ಟಿದ್ದು ಅಂಗಡಿಯ ಬೀಗಕ್ಕೆ ಹಬ್ಬಿತು. ಬೀಗದಿಂದ ಮನೆಯ ಗ್ಯಾಸ್ ಒಲೆಗೆ, ಒಲೆಯಿಂದ ಮಗಳು ಹತ್ತುವ ಬಸ್ಸಿಗೆ. ಸಂಜೆ ಬಸ್ ನಿಲ್ದಾಣದವರೆಗೆ ಹೋದವಳು ಬೀಗ ಎಳೆದು ನೋಡಲು ಹಿಂದಿರುಗುತ್ತಿದ್ದಳು. ನೋಡಿ ಹೋದವಳು ಮತ್ತೆ ಬರುತ್ತಿದ್ದಳು.

“ಅಕ್ಕಾ, ಎಳೆದೂ ಎಳೆದೂ ಆ ಬೀಗ ಒಂದು ಗೇಣು ಉದ್ದ ಆಗಿದೆ. ಕಳ್ಳ ಬಂದ್ರೂ ನಮ್ ಅಳತೆಯ ಬೀಗ ಅಲ್ಲ ಅಂತ ವಾಪಸ್ ಹೋಗ್ತಾನೆ,” ಎನ್ನುತ್ತಿದ್ದ ಪಕ್ಕದ ಅಂಗಡಿಯ ಬಡಗಿ. ಗಾಜಿಗೆ ಚೌಕಟ್ಟು ಮಾಡಿಕೊಡುವವನು ಅವನೇ. ಎಲ್ಲದಕ್ಕೂ ‘ಒಂದ್ನಿಮಿಷ’ ಎಂದು ಹೇಳಿ ಎರಡು ದಿನ ತೆಗೆದುಕೊಳ್ಳುತ್ತಿದ್ದುದರಿಂದ ಅವನಿಗೆ ಒಂದ್ನಿಮಿಷ ಎಂದೇ ಹೆಸರಾಗಿತ್ತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಗೆ ಅವನು ಸಾಕ್ಷಿ.

ಮಗಳಿಗೆ ಅವಳು ಮಾಡುತ್ತಿದ್ದ ಫೋನುಗಳ ಲೆಕ್ಕ ಬೇಡ.

“ಪುಟ್ಟೀ, ಬಸ್ಸು ಸರಿಯಾಗಿ ಹೋಗ್ತಿದೆಯಾ?”

“ಅಮ್ಮಾ, ಬಸ್ಸು ಇನ್ನೂ ಹೊರಟೇ ಇಲ್ಲ. ನಿಂತಿರೋ ಬಸ್ಸು ಎಲ್ಲಿಗೆ ಗುದ್ದುತ್ತೆ?”

“ಹಿಂದಿನಿಂದ ಬಂದು ಇನ್ನೊಂದು ಗುದ್ದಲ್ವಾ?”

“ಅಯ್ಯೋ! ಇಷ್ಟು ಹೊತ್ತು ನಾನೊಬ್ಬಳು ಆರಾಮಾಗಿದ್ದೆ, ಈಗ ನಂಗೂ ಶುರುವಾಯ್ತು ನೋಡು.”

ಮಾವನ ಹೆಂಡತಿ, ಅವಳ ಅತ್ತೆ, ಮಧ್ಯಾಹ್ನ ಊಟದ ಡಬ್ಬಿ ತರುವಾಗ ಜೊತೆಗೆ ಬುದ್ಧಿಮಾತನ್ನೂ ತರುತ್ತಿದ್ದರು. “ಚಿತೆ ಸತ್ತವರನ್ನ ಸುಡುತ್ತೆ, ಚಿಂತೆ ಬದುಕಿದ್ದವರನ್ನ ಸುಡುತ್ತೆ ಕಣೇ. ಧೈರ್ಯ ತಗೋ.” ಧೈರ್ಯ ಎಲ್ಲಿಂದ ತೆಗೆದುಕೊಳ್ಳಬೇಕು ಎಂಬುದನ್ನು ಅವರು ಹೇಳುತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ.

ಆ ತಿಂಗಳ ಆರು ಗಾಜುಗಳೂ ಎರಡನೆಯ ಗೀಟಿನಿಂದಲೇ ಒಡೆದಿದ್ದವು. ಒಂದಕ್ಕೂ ಯಾರೂ ಚಹಾ ಕೇಳಲಿಲ್ಲ. ಮೊದಲಾದರೆ ಒಂದ್ನಿಮಿಷ ಗಾಜು ಒಡೆದ ಸದ್ದಿಗೇ ಲೋಟ ಹಿಡಿದು ಬರುತ್ತಿದ್ದ. ಈಗ ಸದ್ದು ಕೇಳಿದರೆ ತನ್ನ ಗರಗಸಕ್ಕೆ ಅರ ಹಾಕುತ್ತಾ ತಲೆ ತಗ್ಗಿಸುತ್ತಿದ್ದ. ಬೈಗುಳವನ್ನು ತಾಳಬಹುದಿತ್ತು. ಈ ಕನಿಕರವನ್ನು ತಾಳಲಾಗುತ್ತಿರಲಿಲ್ಲ.

ಆ ಬುಧವಾರ ಮಾವ ಅವಳನ್ನು ಕರೆದರು.

“ಬಾ, ಕೂತ್ಕೋ.”

“ಪರವಾಗಿಲ್ಲ ಮಾವ, ಹೇಳಿ.”

“ಈ ತಿಂಗಳಿಗೆ ಮೇಜು ಎತ್ತಿಬಿಡೋಣ. ಅಳತೆ ಕಳಿಸಿದ್ರೆ ಕಾರ್ಖಾನೆಯವರೇ ಮಿಷನ್ನಲ್ಲಿ ಕತ್ತರಿಸಿ ಕೊಡ್ತಾರೆ. ನೀನು ಅಳತೆ ತಗೋ, ಮಾರು. ಗೀಟಿನ ಸಹವಾಸ ಬೇಡ.”

“ಗಾಜು ಒಡೀತು ಅಂತ ಹೇಳ್ತಿದೀರಾ?”

“ಗಾಜು ಇರೋದೇ ಒಡೆಯೋಕೆ. ನಿನ್ನ ಹೆಬ್ಬೆರಳು ನೋಡ್ಕೋ. ಎಷ್ಟು ಪಟ್ಟಿ ಇದೆ ಅಂತ ನಂಗೆ ಕಾಣಲ್ಲ. ಇದೆ ಅಂತ ಮಾತ್ರ ಕಾಣುತ್ತೆ.”

ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಕಂಬಳಿ ಹೊದಿಸಿದ ಆ ಮೇಜು ಹೋದರೆ ಅವಳಿಗೆ ಹೊಟ್ಟೆಗೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ತನ್ನದು ಎಂದು ಅವಳು ಹೇಳಿಕೊಳ್ಳಬಹುದಾದ ವಿದ್ಯೆ ಅದೊಂದೇ. ಅದನ್ನು ಮಾವ ಕಿತ್ತುಕೊಳ್ಳುತ್ತಿರಲಿಲ್ಲ, ಭಯ ಕಿತ್ತುಕೊಳ್ಳುತ್ತಿತ್ತು. ಮಾವ ಅದಕ್ಕೆ ಬಾಗಿಲು ತೆರೆದುಕೊಟ್ಟರು, ಅಷ್ಟೆ.

ಆ ಮಾತು ಮುಗಿಯುವ ಮೊದಲೇ ಹಳೆಯ ಕಟ್ಟಡದ ದರ್ಜಿಯಮ್ಮ ಒಳಗೆ ಬಂದರು. ಎದೆಗೆ ಅವಚಿಕೊಂಡಿದ್ದ ಹೊದಿಕೆಯನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ಒಂದು ಕಿಟಕಿ ಗಾಜು. ಬಹಳ ಹಳೆಯದು, ಕೈಯಿಂದ ಮಾಡುತ್ತಿದ್ದ ಕಾಲದ್ದು. ಮೈಯೆಲ್ಲ ಅಲೆ ಅಲೆ, ಒಂದು ಮೂಲೆಯಲ್ಲಿ ಕಡಲೆಕಾಳಿನಷ್ಟು ಗುಳ್ಳೆ.

“ನನ್ನ ಮಿಷನ್ ಮುಂದಿನ ಕಿಟಕೀದು,” ಎಂದರು. “ಮೂವತ್ತು ವರ್ಷ ಇದರಲ್ಲೇ ಬೀದಿ ನೋಡಿದೀನಿ. ನಡೆಯೋರೆಲ್ಲ ನೀರಲ್ಲಿ ನಡೆದ ಹಾಗೆ ಕಾಣ್ತಿದ್ರು. ಕಟ್ಟಡ ಕೆಡವ್ತಾರಂತೆ. ಮಗಳ ಮನೆಗೆ ಹೋಗ್ತಿದೀನಿ, ಅಲ್ಲಿ ಕಿಟಕಿ ಚಿಕ್ಕದು. ಇದನ್ನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಕತ್ತರಿಸಿ ಚಿಕ್ಕದು ಮಾಡಿಕೊಡಿ. ಗುಳ್ಳೆ ಇರಬೇಕು. ಚೌಕಟ್ಟು ಆಗಲೇ ಆಗಿದೆ.”

“ಯಾರು ಮಾಡಿದ್ದು?” ಎಂದರು ಮಾವ.

“ಇವನೇ, ಪಕ್ಕದವನು.”

“ಒಂದ್ನಿಮಿಷನಾ? ಹೇಳಿದ ದಿನಕ್ಕೆ ಕೊಟ್ನಾ?” ಮಾವ ಕುರ್ಚಿಯಿಂದ ಅರ್ಧ ಎದ್ದರು. “ಹಾಗಾದ್ರೆ ಆ ಕಟ್ಟಡ ಇವತ್ತೇ ಬೀಳುತ್ತೆ.”

ದರ್ಜಿಯಮ್ಮ ನಗಲಿಲ್ಲ. ಗಾಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದರು. “ಬಟ್ಟೆ ಆಗಿದ್ರೆ ತಪ್ಪಿದ್ರೂ ಹೊಲಿಗೆ ಹಾಕ್ಬಹುದಿತ್ತು. ಇದಕ್ಕೆ ಇನ್ನೊಂದು ತುಂಡಿಲ್ಲ. ನಿಮ್ಮ ಕೈಲಿ ಆಗುತ್ತಲ್ವಾ?”

ಆಗುವುದಿಲ್ಲ ಎಂಬ ಮಾತು ಗಾಜಿನಕ್ಕನ ನಾಲಗೆಯ ತುದಿಗೆ ಬಂದಿತ್ತು. ಆದರೆ ಅಂಚನ್ನು ಒತ್ತಿ ಬೆಳ್ಳಗಾಗಿದ್ದ ಆ ಬೆರಳುಗಳನ್ನು ಅವಳು ನೋಡಿದಳು. ಅಂಥ ಬೆರಳುಗಳ ಪರಿಚಯ ಅವಳಿಗೆ ಚೆನ್ನಾಗಿತ್ತು.

“ಯಾವಾಗ ಬೇಕು?” ಎಂದಳು.

“ತಿಂಗಳ ಕೊನೇ ಶುಕ್ರವಾರ.”

ದರ್ಜಿಯಮ್ಮ ಹೋದ ಮೇಲೆ ಮಾವ, “ಒಪ್ಪಿಕೊಂಡದ್ದು ನೀನು. ಶುಕ್ರವಾರದವರೆಗೂ ಮೇಜು ಎತ್ತಲ್ಲ. ಆಮೇಲೆ ನೋಡೋಣ,” ಎಂದರು. 

ಹಿಂದಿನ ವಾರವೇ ಅವಳು ಡಾಕ್ಟರ ಹತ್ತಿರ ಹೋಗಿ ಬಂದಿದ್ದಳು. ಎದೆ ಡವಗುಟ್ಟುತ್ತದೆ, ಹೃದಯದಲ್ಲಿ ಏನೋ ಇದೆ ಎಂದು ಹೋದದ್ದು. ಪರೀಕ್ಷೆಗಳೆಲ್ಲ ಆದವು. ಡಾಕ್ಟರು ಅವಳಿಗಿಂತ ಸ್ವಲ್ಪ ಚಿಕ್ಕವರಾದ ಹೆಂಗಸು. “ಹೃದಯ ಚೆನ್ನಾಗಿದೆ. ಅದು ಸುಮ್ಮನೆ ಓಡ್ತಿಲ್ಲ, ನೀವು ಓಡಿಸ್ತಿದೀರಿ,” ಎಂದರು. ಗಾಬರಿಯಾದಾಗ ಉಸಿರನ್ನು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಬೇಕು, ಹೀಗೆ ದಿನವೂ ಅಭ್ಯಾಸ ಮಾಡಬೇಕು ಎಂದು ತಿಳಿಸಿದರು. ಅವಳು ಮಾಡಿದಳು. ಏನೂ ಪ್ರಯೋಜನವಾಗಲಿಲ್ಲ. ಗಾಜು ಒಪ್ಪಿಕೊಂಡ ಐದನೆಯ ದಿನ ಮತ್ತೆ ಹೋದಳು.

“ಕಮ್ಮಿ ಆಗ್ಲೇ ಇಲ್ಲ ಡಾಕ್ಟ್ರೇ.”

“ಆಗಿಲ್ಲ ಅಂತ ಹೇಗೆ ಗೊತ್ತಾಯ್ತು?”

“ಉಸಿರು ಬಿಟ್ಟೆ, ಕಮ್ಮಿ ಆಯ್ತಾ ಅಂತ ನೋಡಿದೆ. ಆಗಿರ್ಲಿಲ್ಲ. ಇನ್ನೊಂದು ಬಿಟ್ಟೆ, ನೋಡಿದೆ. ಪ್ರತಿ ಉಸಿರಿಗೂ ನೋಡ್ತಾನೇ ಇದ್ದೆ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವು ಏನು ಕೆಲಸ ಮಾಡೋದು ಅಂದ್ರಿ?”

“ಗಾಜು ಕತ್ತರಿಸೋದು.”

“ಅದನ್ನ ಹೇಗೆ ಮಾಡ್ತಾರೆ? ನಾನು ನೋಡೇ ಇಲ್ಲ.”

ಅವಳು ಹೇಳತೊಡಗಿದಳು. ಚಕ್ರ, ಸೀಮೆಎಣ್ಣೆ, ಕೈಯ ಭಾರ. “ಒಂದೇ ಸಲ ಎಳೀಬೇಕು. ಸರಿಯಾಗಿ ಬಿತ್ತಾ ಇಲ್ವಾ ಅಂತ ಅದರ ಮೇಲೆ ಮತ್ತೆ ಎಳೆದ್ವೋ...” ಅಷ್ಟು ಹೇಳಿ ನಿಲ್ಲಿಸಿದಳು.

ಹೊರಗೆ ಕಾಯುತ್ತಿದ್ದವರಲ್ಲಿ ಯಾರೋ ಕೆಮ್ಮಿದರು.

“ಎಳೆದ್ರೆ ಏನಾಗುತ್ತೆ?” ಎಂದರು ಡಾಕ್ಟರು.

“ಪುಡಿ ಆಗುತ್ತೆ,” ಎಂದಳು. ಮುಖದಲ್ಲಿ ನಗುವಿನಂಥದ್ದು ಏನೋ ಬಂದು ಹೋಯಿತು.

“ಭಯ ಹೋಯ್ತಾ ಅಂತ ನೋಡ್ಬೇಡಿ. ಇದ್ರೆ ಇರಲಿ, ಪಕ್ಕದಲ್ಲಿ ಕೂತಿರಲಿ. ನಿಮ್ಮ ಪಾಡಿಗೆ ಕೆಲಸ ಮಾಡಿ. ಕೂತೂ ಕೂತೂ ಅದಕ್ಕೂ ಬೇಜಾರಾಗುತ್ತೆ.”

ಅಂದು ಸಂಜೆ ಅವಳು ಅಂಗಡಿಯ ಬೀಗ ಹಾಕಿದಳು, ಒಮ್ಮೆ ಎಳೆದಳು. “ಹಾಕಿದೀನಿ,” ಎಂದು ಬಾಯಿಬಿಟ್ಟು ಹೇಳಿ ನಡೆದಳು. ನಿಲ್ದಾಣ ತಲುಪುವಷ್ಟರಲ್ಲಿ ಅಂಗೈ ಬೆವೆತಿತ್ತು. ಬಸ್ಸಿನಲ್ಲಿ ಕುಳಿತಾಗ ಎದೆ ಬಾಯಿಗೆ ಬಂದಿತು. ಎಲ್ಲ ಗಾಜೂ ಕದ್ದುಹೋದಂತೆ ಕಂಡಿತು. ಪಾದಗಳನ್ನು ಬಸ್ಸಿನ ನೆಲಕ್ಕೆ ಒತ್ತಿದಳು. ಉಸಿರು ಬಿಟ್ಟಳು, ಫಲ ಬಂತೇ ಎಂದು ನೋಡಲಿಲ್ಲ. ಭಯ ಏರಿತು, ಇನ್ನೂ ಏರಿತು. ತರಕಾರಿ ಮಾರುಕಟ್ಟೆ ದಾಟಿದ ಮೇಲೆ ಅದು ಎಲ್ಲಿ ಇಳಿದುಹೋಯಿತೋ ಅವಳಿಗೆ ತಿಳಿಯಲಿಲ್ಲ. ಮೇಲೆ ಏನನ್ನೂ ಕೂಡದಿದ್ದರೆ ಆ ಮೊತ್ತ ತಾನಾಗಿ ಕರಗುವಂಥದು. ಇದು ಲೆಕ್ಕದ ಪುಸ್ತಕಗಳಲ್ಲಿಲ್ಲ.

ಮರುದಿನ ಹಾಗಾಗಲಿಲ್ಲ. ಮಾರುಕಟ್ಟೆಯಲ್ಲೇ ಇಳಿದು ಎದುರು ಬಸ್ಸು ಹತ್ತಿ ಹಿಂದಿರುಗಿದಳು. ಬೀಗ ಸರಿಯಾಗಿತ್ತು. ಅಂಗಡಿ ಮುಚ್ಚುತ್ತಿದ್ದ ಒಂದ್ನಿಮಿಷ ಅವಳನ್ನು ನೋಡಿ, ಏನೂ ಕೇಳದೆ, ತನ್ನ ಬೀಗವನ್ನು ಕೈಯಲ್ಲಿ ತೂಗಿ ತೋರಿಸಿದ. “ನಂದಿನ್ನೂ ಮೋಟುದ್ದ ಇದೆ ಅಕ್ಕಾ, ಎಳೆದು ಕೊಡ್ತೀರಾ?” ಬಹಳ ದಿನಗಳ ಮೇಲೆ ಅವಳು ಗಟ್ಟಿಯಾಗಿ ನಕ್ಕಳು. ಅದರ ಮರುದಿನ ಹಿಂದಿರುಗಲಿಲ್ಲ.

ಗಾಜಿನ ಮೇಲಿನ ಅಭ್ಯಾಸ ಬೇರೆ. ಬೇಡದ ತುಂಡುಗಳನ್ನು ಹಾಕಿಕೊಂಡು ಅವಳು ಬೆಳಗಿನ ಹೊತ್ತು ಗೀಟೆಳೆಯುತ್ತಿದ್ದಳು. ಮಾವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಳ್ಳೆಯ ಗೀಟಿನ ಸದ್ದು ರೇಷ್ಮೆ ಹರಿದಂತೆ ಒಂದೇ ಸಮನಾಗಿರುತ್ತದೆ. ಅವಳದು ನಡುವೆ ತಡವರಿಸುತ್ತಿತ್ತು.

“ನಿಲ್ಲು,” ಎಂದರು ಒಂದು ದಿನ. “ಎಳೆಯುವಾಗ ಉಸಿರು ಹಿಡ್ಕೋತಿದೀಯ.”

“ಹೌದಾ?”

“ಅರ್ಧಕ್ಕೆ ಬಂದಾಗ ಉಸಿರಿಗೆ ತಡೆಯೋಕಾಗಲ್ಲ. ಅಲ್ಲಿಗೆ ಕೈ ಅದುರುತ್ತೆ.”

“ನೀವು ಹೇಗೆ ಮಾಡ್ತಿದ್ರಿ ಮಾವ? ಬಿಡ್ತಿದ್ರಾ, ಹಿಡೀತಿದ್ರಾ?”

ಮಾವ ಯೋಚಿಸಿದರು. “ನಂಗೇನ್ ಗೊತ್ತು? ನಾನು ಗಾಜು ನೋಡ್ತಿದ್ದೆ, ಮೂಗು ನೋಡ್ತಿರ್ಲಿಲ್ಲ.”

ಅವಳು ಉಸಿರು ತುಂಬಿಕೊಂಡಳು. ಕಟರನ್ನು ಎಳೆದಷ್ಟೂ ಹೊತ್ತು ಉಸಿರು ಬಿಡುತ್ತಾ ಹೋದಳು. ಸದ್ದು ತಡವರಿಸಲಿಲ್ಲ. ಆದರೆ ಗೀಟು ಮುಗಿದೊಡನೆ ಬಗ್ಗಿ ನೋಡುವ ಚಪಲ ಬಂದಿತು, ಕಟರು ತಾನಾಗಿ ಹಿಂದಕ್ಕೆ ಹೊರಳಿತು. ಆ ಚಪಲ ಹೋಗಲೇ ಇಲ್ಲ. ಅವಳು ಅದನ್ನು ಓಡಿಸುವ ಯತ್ನ ಬಿಟ್ಟಳು. ಗೀಟು ಮುಗಿದ ಕೂಡಲೇ ಕಟರನ್ನು ಕೆಳಗಿಟ್ಟು ಕೈ ಖಾಲಿ ಮಾಡಿಕೊಳ್ಳುವುದನ್ನು ರೂಢಿಸಿಕೊಂಡಳು. ಖಾಲಿ ಕೈ ಎರಡನೆಯ ಗೀಟು ಎಳೆಯಲಾರದು.

ಇಷ್ಟರಲ್ಲಿ ದರ್ಜಿಯಮ್ಮ ದಿನ ಬಿಟ್ಟು ದಿನ ಬರುತ್ತಿದ್ದರು. “ಮುಟ್ಟಿದ್ರಾ?” ಎಂದು ಬಾಗಿಲಲ್ಲೇ ಕೇಳಿ, ಇಲ್ಲವೆಂದರೆ ಸಮಾಧಾನದಿಂದಲೂ ಸಂಕಟದಿಂದಲೂ ಹಿಂದಿರುಗುತ್ತಿದ್ದರು.

“ನಿನ್ನ ಹಾಗೇ ಇನ್ನೊಬ್ರು,” ಎಂದರು ಅತ್ತೆ. “ನಿಮ್ಮಿಬ್ಬರನ್ನೂ ಒಂದು ಮನೇಲಿ ಕೂಡಿಹಾಕಿದ್ರೆ ಆ ಬಾಗಿಲು ಹಾಕೋಕೆ ಬೆಳಗಾಗುತ್ತೆ.”

ಕೊನೆಯ ಶುಕ್ರವಾರ ಬಂದಿತು. ಮಾವ ಕುರ್ಚಿಯಲ್ಲಿ, ದರ್ಜಿಯಮ್ಮ ಮೋಡದಂಥ ಮುಖ ಹೊತ್ತು ಸ್ಟೂಲಿನ ಮೇಲೆ, ಒಂದ್ನಿಮಿಷ ಚೌಕಟ್ಟು ಹಿಡಿದು ಬಾಗಿಲಲ್ಲಿ. ಹಳೆಯ ಗಾಜು ಮೇಜಿನ ಮೇಲೆ ಮಲಗಿತ್ತು. ಗಾಜಿನಕ್ಕ ಅದನ್ನು ಒರೆಸಿದಳು, ಅಳತೆ ಹಿಡಿದು ಗುರುತು ಹಾಕಿದಳು, ಮರದ ಪಟ್ಟಿ ಇಟ್ಟಳು. ಎದೆ ಡವಗುಟ್ಟುತ್ತಲೇ ಇತ್ತು. ಬಾಯಿ ಒಣಗಿತ್ತು.

“ಭಯ ಆಗ್ತಿದೆಯಾ?” ಎಂದರು ದರ್ಜಿಯಮ್ಮ, ತಡೆಯಲಾರದೆ.

“ಆಗ್ತಿದೆ.”

“ಹಾಗಾದ್ರೆ ನಾಳೆ ಮಾಡೋಣ್ವಾ?”

“ನಾಳೆಯೂ ಆಗುತ್ತೆ ಅಮ್ಮಾ,” ಎಂದು ಕಟರನ್ನು ಸೀಮೆಎಣ್ಣೆಯಲ್ಲಿ ಅದ್ದಿದಳು.

ಮೊದಲ ಗೀಟು ಉದ್ದದ್ದು. ಪಾದಗಳನ್ನು ಊರಿದಳು, ಉಸಿರು ತುಂಬಿಕೊಂಡಳು, ಎಳೆದಳು. ಉಸಿರೂ ಗೀಟೂ ಒಟ್ಟಿಗೆ ಮುಗಿದವು. ಕಟರು ಕೆಳಗೆ. ಗಾಜನ್ನು ಮೇಜಿನ ಅಂಚಿಗೆ ಸರಿಸಿ ಒತ್ತಿದಳು. ‘ಟಿಕ್’ ಎಂದು ಗೀಟಿನಗುಂಟ ಬಿಟ್ಟುಕೊಂಡಿತು.

ಎರಡನೆಯ ಸಲ ಅಡ್ಡಕ್ಕೆ. ಗುಳ್ಳೆಯಿಂದ ಎರಡು ಬೆರಳು ದೂರದಲ್ಲಿ. ಕಟರು ಅರ್ಧ ದಾರಿಗೆ ಬಂದಿತ್ತು. ಆಗ ಕಿಟಕಿಯ ಬಳಿ ಇಟ್ಟಿದ್ದ ಅವಳ ಫೋನು ಹೊಡೆದುಕೊಳ್ಳತೊಡಗಿತು.

ಅದು ಮಗಳ ಕರೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಮಗಳ ಕರೆಗೆ ಅವಳು ಬೇರೆ ಸದ್ದು ಇಟ್ಟಿದ್ದಳು. ಆ ಹೊತ್ತಿಗೆ ಮಗಳು ಬಸ್ಸಿನಲ್ಲಿರಬೇಕು. ಬಸ್ಸಿನಲ್ಲಿರುವ ಮಗಳು ತಾನಾಗಿ ಎಂದೂ ಫೋನು ಮಾಡಿದವಳಲ್ಲ. ಕಳೆದ ಒಂದು ವರ್ಷದಲ್ಲಿ ಆ ಸದ್ದು ಎರಡನೆಯ ಸಲ ಮೊಳಗಲು ಅವಳು ಬಿಟ್ಟಿರಲಿಲ್ಲ. ಒಂದ್ನಿಮಿಷ ಫೋನಿನತ್ತ ಹೆಜ್ಜೆ ಇಟ್ಟ. ಮಾವ ಕೋಲನ್ನು ಅಡ್ಡ ಹಿಡಿದರು.

ಕಟರು ನಿಲ್ಲಲಿಲ್ಲ. ಅವಳ ಕಿವಿಗಳು ಕೆಂಪಾದವು, ಕಣ್ಣಲ್ಲಿ ನೀರು ತುಂಬಿತು. ಆದರೂ ಉಸಿರು ಹೊರಗೆ ಹರಿಯುತ್ತಲೇ ಇತ್ತು, ಕೈ ಅದರ ಹಿಂದೆ ಹೋಗುತ್ತಲೇ ಇತ್ತು. ಗೀಟು ಅಂಚು ಮುಟ್ಟಿತು. ಫೋನು ಇನ್ನೂ ಹೊಡೆದುಕೊಳ್ಳುತ್ತಿತ್ತು. ಗೀಟನ್ನು ತಡಮಾಡದೆ ಮುರಿಯಬೇಕು. ಬಿಟ್ಟರೆ ಗೀಟು ಆರಿ, ಮುರಿತ ದಾರಿ ತಪ್ಪುತ್ತದೆ ಎನ್ನುತ್ತಾರೆ ಕೆಲಸದವರು. ನೀರು ತುಂಬಿದ ಕಣ್ಣಿಗೆ ಗೀಟು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಕಾಣಲಿಲ್ಲ. ಕಟರಿನ ಮೇಲೆ ಬೆರಳು ಬಿಗಿಯಾಯಿತು.

ಅವಳು ಅದನ್ನು ಕೆಳಗಿಟ್ಟಳು. ಗಾಜನ್ನು ಅಂಚಿಗೆ ಸರಿಸಿ ಒತ್ತಿದಳು.

ಟಿಕ್.

ಫೋನು ಸುಮ್ಮನಾಗಿತ್ತು. ಅವಳು ಕೈ ಒರೆಸಿಕೊಂಡು ಅದನ್ನೆತ್ತಿ ಮಗಳಿಗೆ ಕರೆಮಾಡಿದಳು. ಆ ಕಡೆಯ ಕಿರಿಚಾಟ ಅಂಗಡಿಗೆಲ್ಲ ಕೇಳಿಸಿತು.

“ಅಮ್ಮಾ! ಎಲ್ಲಿದೀಯ? ಏನಾಯ್ತು? ಯಾಕೆ ಎತ್ತಲಿಲ್ಲ? ಕೈ ಕುಯ್ದುಕೊಂಡ್ಯಾ?”

“ಕೆಲಸದಲ್ಲಿದ್ದೆ ಪುಟ್ಟಿ. ನೀನ್ಯಾಕೆ ಮಾಡಿದ್ದು?”

“ಇವತ್ತು ನಿನ್ನ ಫೋನೇ ಬರ್ಲಿಲ್ಲ. ಬಸ್ಸು ಹೊರಟೂ ಬರ್ಲಿಲ್ಲ. ನಿಂಗೇ ಏನೋ ಆಗಿದೆ ಅಂತ ಜೀವ ಹೋದ ಹಾಗಾಯ್ತು ನಂಗೆ!”

“ಏನೂ ಆಗಿಲ್ಲ. ಉಸಿರು ನಿಧಾನವಾಗಿ ಬಿಡು. ಕಾಲು ನೆಲಕ್ಕೆ ಒತ್ತು.”

“ಬಸ್ಸಲ್ಲಿ ನಿಂತಿದೀನಿ ಅಮ್ಮಾ, ಇನ್ನೊಬ್ಬರ ಕಾಲ ಮೇಲೆ ಒತ್ತಬೇಕಷ್ಟೆ.”

ದರ್ಜಿಯಮ್ಮ ಗಾಜನ್ನು ಎತ್ತಿ ಬಾಗಿಲಿನತ್ತ ಹಿಡಿದಿದ್ದರು. ಬೀದಿಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದವನು ಅಲೆಗಳಲ್ಲಿ ತೇಲಿ ಗುಳ್ಳೆಯೊಳಗೆ ಹೊಕ್ಕು ಹೊರಬಂದ. ಅವರ ಬೆರಳುಗಳಿಗೆ ರಕ್ತ ಮರಳಿತ್ತು. ಒಂದ್ನಿಮಿಷ ಚೌಕಟ್ಟಿನಲ್ಲಿ ಗಾಜು ಕೂರಿಸಿದ, ಎಲ್ಲೂ ಸಡಿಲವಿರಲಿಲ್ಲ.

ಮಾವ ಕೋಲನ್ನು ನೆಲಕ್ಕೆ ಕುಟ್ಟಿದರು.

“ನಾಲ್ಕು ಲೋಟ ಇಡು,” ಎಂದರು ಒಂದ್ನಿಮಿಷನಿಗೆ. ಆಮೇಲೆ ಸೋದರಸೊಸೆಯ ಕಡೆ ತಿರುಗಿದರು. “ನಿನ್ನ ಕಡೆಯಿಂದ ಆರು ಚಹಾ ಬಾಕಿ ಇದೆ. ಯಾರೂ ಕೇಳಿಲ್ಲ ಅಂತ ಮನ್ನಾ ಆಯ್ತು ಅಂದ್ಕೊಂಡ್ಯಾ?”

ಅವಳ ಮುಖ ಅರಳಿತು. ಮಾವ ಕೇಳಿದ್ದು ಚಹಾ ಅಲ್ಲವೆಂದು ಅವಳಿಗೆ ತಿಳಿಯಿತು. ಮೇಜು ಎತ್ತುವ ಮಾತನ್ನು ಅವರು ಆಡಲಿಲ್ಲ. ಆಡುವ ಹಾಗೂ ಇರಲಿಲ್ಲ. ಸಾಲ ಕೇಳುವುದು ಉಳಿದುಕೊಳ್ಳುವವರ ಹತ್ತಿರವೇ.

“ಏಳಲ್ವಾ ಯಜಮಾನ್ರೇ?” ಎಂದ ಒಂದ್ನಿಮಿಷ.

“ಏಳನೇದು ಬೆಕ್ಕಿನ ಖಾತೆಗೆ.”

ಅಂದು ಒಂದು ಸುತ್ತು ತೀರಿತು. ಮುಂದಿನ ವಾರ ದಿನಕ್ಕೊಂದರಂತೆ ಇನ್ನು ನಾಲ್ಕು ತೀರಿದವು. ಆರನೆಯದಕ್ಕೆ ಮಾವ ಲೋಟ ಚಾಚಿ ಕುಳಿತಿದ್ದಾಗ ಅವಳು ತಲೆಯಾಡಿಸಿದಳು.

“ಇದೊಂದು ಇರಲಿ ಮಾವ.”

“ಯಾಕೆ? ಬಾಕಿ ಇಟ್ಕೊಳ್ಳೋದು ಒಳ್ಳೇದಲ್ಲ.”

“ಎಲ್ಲಾ ತೀರಿಸಿಬಿಟ್ರೆ ಇನ್ನು ಹೆದರೋದೇ ಇಲ್ಲ ಅಂತ ಮಾತು ಕೊಟ್ಟ ಹಾಗಾಗುತ್ತೆ. ಅದು ನನ್ನ ಕೈಲಾಗಲ್ಲ. ಮತ್ತೆ ಯಾವತ್ತಾದ್ರೂ ಎರಡನೇ ಗೀಟು ಎಳೀತೀನಿ. ಆವತ್ತು ಎರಡೂ ಸೇರಿಸಿ ಕೊಡ್ತೀನಿ.”

ಮಾವ ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸಿದರು. ಬಾಕಿ ಉಳಿಸುವುದು ಅವರ ಸ್ವಭಾವವಲ್ಲ. ಕೊನೆಗೆ ಲೋಟವನ್ನು ಮೇಜಿನ ತುದಿಯಲ್ಲಿ, ಸೀಮೆಎಣ್ಣೆಯ ಸೀಸೆಯ ಪಕ್ಕದಲ್ಲಿ, ಕವುಚಿ ಇಟ್ಟರು.

ಅದು ಇನ್ನೂ ಅಲ್ಲೇ ಇದೆ.